ಯಾವುದನ್ನು ನೋಡದಿದ್ದರೂ ನಡೆಯುತ್ತದೆ?

ಪ್ರವಾಸಿ ಮಾಹಿತಿ ಕೇಂದ್ರವನ್ನು ಹುಡುಕಿ ತಲುಪಬೇಕಾದರೆ ಊರಿನ ಪರಿಚಯ ಮೊದಲೇ ಚೆನ್ನಾಗಿರಬೇಕು. ರೈಲು ನಿಲ್ದಾಣದಿಂದ ಹೊರಬಿದ್ದವರಿಗೆ ಕಂಬವೊಂದರ ಮೇಲೆ ಇಂಗ್ಲಿಷಿನ ಸಣ್ಣ ‘ಐ’ ಅಕ್ಷರವೂ ಪಕ್ಕದಲ್ಲೊಂದು ಬಾಣವೂ ಕಾಣಿಸುತ್ತವೆ; ಮುಂದಿನ ತಿರುವಿನಲ್ಲಿ ಬಾಣವೇ ಇರುವುದಿಲ್ಲ, ಅದರಾಚೆಯ ವೃತ್ತದಲ್ಲಿ ಎರಡು ಬಾಣಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿಕೊಂಡಿರುತ್ತವೆ. ಯಾರನ್ನಾದರೂ ಕೇಳೋಣವೆಂದರೆ, ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಅಂಥದೊಂದು ಕಚೇರಿ ತಮ್ಮೂರಿನಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. 1974ರಲ್ಲಿ ಅಮೆರಿಕದ ಸಾರಿಗೆ ಇಲಾಖೆಗಾಗಿ ರೂಪಿಸಿದ ಸಾರ್ವಜನಿಕ ಚಿಹ್ನೆಗಳ ಮಾಲೆಯಲ್ಲಿ ಮಾಹಿತಿ ಸಿಗುವ ಜಾಗಕ್ಕೆ ಅಕ್ಷರದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಯನ್ನು ಕೊಟ್ಟಿದ್ದರು. ಅದನ್ನು ರೂಪಿಸಿದವರಲ್ಲಿ ಅನುಭವಸ್ಥರು ಯಾರಾದರೂ ಇದ್ದಿರಲೇಬೇಕು.

ಒಳಗೆ ಹೋದರೆ ಸಾಲು. ಈ ಸಾಲಿನಲ್ಲಿ ನಿಂತು ನಾನು ಕಂಡುಕೊಂಡ ಸಂಗತಿಯೆಂದರೆ, ಊರಿನ ಚರಿತ್ರೆ ಕೇಳಲು ಬರುವವರು ಬಹಳ ಕಡಿಮೆ. ಶೌಚಾಲಯ ಎಲ್ಲಿದೆ, ಫೋನ್ ಚಾರ್ಜ್ ಮಾಡಿಕೊಳ್ಳಬಹುದೇ, ಈ ಪೆಟ್ಟಿಗೆಯನ್ನು ಸಂಜೆಯವರೆಗೆ ಇಲ್ಲಿಡಬಹುದೇ, ನಾಳೆ ಮಳೆ ಬರುತ್ತದೆಯೇ ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಮಳೆಯ ಬಗ್ಗೆ ಕೇಳಿದವರು ಉತ್ತರ ಸಿಗದಿದ್ದಾಗ, ಸರ್ಕಾರವೇ ತಮ್ಮಿಂದ ಏನನ್ನೋ ಬಚ್ಚಿಡುತ್ತಿದೆ ಎಂಬಂತೆ ಕೌಂಟರಿನವರನ್ನು ನೋಡುತ್ತಾರೆ. ಇನ್ನುಳಿದವರಿಗೆ ಬೇಕಾದದ್ದು ಮಾಹಿತಿಯೇ ಅಲ್ಲ, ತೀರ್ಪು. ಅವರ ಕೈಯಲ್ಲಿ ಅರ್ಧ ದಿನವಿರುತ್ತದೆ, ಪಟ್ಟಿಯಲ್ಲಿ ಒಂದು ವಾರಕ್ಕಾಗುವಷ್ಟು ಸ್ಥಳಗಳಿರುತ್ತವೆ. ಯಾವುದನ್ನು ನೋಡದಿದ್ದರೂ ನಡೆಯುತ್ತದೆ ಎಂದು ಯಾರಾದರೂ ಜವಾಬ್ದಾರಿಯುತವಾಗಿ ಹೇಳಿಬಿಟ್ಟರೆ ಸಾಕು, ನೆಮ್ಮದಿಯಿಂದ ಹೊರಟುಬಿಡುತ್ತಾರೆ.

ಹೇಳಲಾರದ್ದೂ ಅದೊಂದೇ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1889ರಲ್ಲಿ ಆ ದೇಶದ ಇಂಥ ಮೊದಲ ಸಂಘವನ್ನು ಸ್ಥಾಪಿಸಿದ ಕಾಲದಿಂದಲೂ ಈ ಕೇಂದ್ರಗಳು ಹುಟ್ಟಿಕೊಂಡಿರುವುದು ಜನರನ್ನು ಊರಿನತ್ತ ಸೆಳೆಯುವುದಕ್ಕೆ. ಹೀಗಾಗಿ ಊರನ್ನು ಹೊಗಳುವುದು ಕೌಂಟರಿನವರಿಗೆ ವಂಶಪಾರಂಪರ್ಯವಾಗಿ ಬಂದ ಕರ್ತವ್ಯ. ನನ್ನ ಮುಂದೆ ನಿಂತಿದ್ದ ದಂಪತಿ ಈ ಇತಿಹಾಸವನ್ನು ಅರಿಯದೆ ಜಗಳವನ್ನು ಅಲ್ಲಿಗೇ ತಂದಿದ್ದರು. ಯಜಮಾನರಿಗೆ ಬೆಟ್ಟದ ಮೇಲಿನ ಕೋಟೆ ಬೇಕಿತ್ತು, ಅವರ ಪತ್ನಿಗೆ ಕೆರೆಯ ದಂಡೆ.

“ಎರಡರಲ್ಲಿ ಯಾವುದು ಚೆನ್ನಾಗಿದೆ, ನೀವೇ ಹೇಳಿಬಿಡಿ” ಎಂದರು ಯಜಮಾನರು.

“ಎರಡೂ ಚೆನ್ನಾಗಿವೆ ಸರ್.”

“ಒಂದಕ್ಕೆ ಮಾತ್ರ ಸಮಯವಿದೆ.”

“ಹಾಗಾದರೆ ಒಂದನ್ನು ನೋಡಿ ಸರ್. ಅದೂ ಚೆನ್ನಾಗಿದೆ.”

ಇಷ್ಟು ಹೇಳಿ ಕೌಂಟರಿನಾಕೆ ನಕ್ಷೆಯೊಂದನ್ನು ಹರಡಿದರು. ನಕ್ಷೆಯನ್ನು ನಮ್ಮ ಕಡೆಗೆ ತಿರುಗಿಸಿ, ತಾವು ತಲೆಕೆಳಗಾಗಿ ಓದುತ್ತಲೇ ಪೆನ್ನಿನಿಂದ ಸರಸರನೆ ಸುತ್ತು ಹಾಕುವ ಅವರ ಕೌಶಲವನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಮುಗಿಯುವ ಹೊತ್ತಿಗೆ ಕೋಟೆ, ಕೆರೆ, ವಸ್ತುಸಂಗ್ರಹಾಲಯ, ಬಸ್ ನಿಲ್ದಾಣ ಎಲ್ಲಕ್ಕೂ ಸುತ್ತು ಬಿದ್ದು, ಸುತ್ತಿಲ್ಲದ ಸ್ಥಳವನ್ನು ಹುಡುಕುವುದೇ ಸುಲಭವೆನ್ನುವ ಸ್ಥಿತಿಯಾಗಿತ್ತು. ಆ ಹಾಳೆಯನ್ನು ಮತ್ತೆ ಮಡಚುವುದು ಇನ್ನೊಂದು ಸಾಹಸ. ಜಪಾನಿನ ಬಾಹ್ಯಾಕಾಶ ಎಂಜಿನಿಯರ್ ಕೊರ್ಯೊ ಮಿಯುರಾ ಅವರು ಒಂದೇ ಎಳೆತಕ್ಕೆ ಬಿಚ್ಚಿಕೊಂಡು ಒಂದೇ ಒತ್ತಿಗೆ ಮುಚ್ಚಿಕೊಳ್ಳುವ ಮಡಿಕೆಯ ವಿಧಾನವನ್ನು ರೂಪಿಸಿದ್ದಾರೆ, ಬಾಹ್ಯಾಕಾಶದಲ್ಲಿ ಸೌರಫಲಕವನ್ನು ಬಿಚ್ಚುವುದಕ್ಕೂ ಅದು ಬಳಕೆಯಾಗಿದೆ. ಈ ಕೌಂಟರಿನವರೆಗೆ ಮಾತ್ರ ಇನ್ನೂ ಬಂದಿಲ್ಲ.

ಹೊರಗಿನ ಗೋಡೆಯಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಕೆಂಪು ಚುಕ್ಕೆಯಿರುವ ದೊಡ್ಡ ನಕ್ಷೆಯಿತ್ತು. ನೋಡುಗ ಮುಖ ಮಾಡಿರುವ ದಿಕ್ಕು ನಕ್ಷೆಯಲ್ಲಿ ಮೇಲ್ಭಾಗಕ್ಕೆ ಬರದಿದ್ದರೆ ಜನ ದಾರಿ ತಪ್ಪುತ್ತಾರೆಂದು ಮಾರ್ವಿನ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಈ ನಕ್ಷೆಯನ್ನು ಗೋಡೆಗೆ ಹೊಡೆದವರಿಗೆ ಮೊಳೆ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಷ್ಟೇ ಮುಖ್ಯವಾಗಿದ್ದಿರಬೇಕು. ಯಜಮಾನರು ಅದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿ, ಕೋಟೆಗೆ ಬೆನ್ನು ತಿರುಗಿಸಿ ಆತ್ಮವಿಶ್ವಾಸದಿಂದ ಹೆಜ್ಜೆ ಹಾಕಿದರು.

ಅವರನ್ನು ತಡೆದು ನಿಲ್ಲಿಸಿದವರು ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಕಾವಲುಗಾರರು. ಯಾವ ಊರನ್ನೂ ಹೊಗಳುವ ಕರ್ತವ್ಯ ಅವರಿಗಿರಲಿಲ್ಲ. “ಅಮ್ಮಾ, ಮೊಣಕಾಲು ಹೇಗಿದೆ?” ಎಂದು ಕೇಳಿದರು. ಅಷ್ಟಕ್ಕಷ್ಟೇ ಎಂದರು ಆಕೆ. “ಕೋಟೆ ಬಿಟ್ಟುಬಿಡಿ. ಮೆಟ್ಟಿಲು ಜಾಸ್ತಿ, ಮೇಲೆ ನೆರಳೂ ಇಲ್ಲ. ಕೆರೆಗೆ ಹೋಗಿ, ಕೂರೋಕೆ ಬೆಂಚುಗಳಿವೆ.” ಹಲವು ಬಣ್ಣದ ಕರಪತ್ರಗಳು ಸೇರಿಯೂ ಕೊಡಲಾರದಿದ್ದ ಮಾಹಿತಿ ಅರ್ಧ ನಿಮಿಷದಲ್ಲಿ ದೊರೆಯಿತು. ಸಾಲಿನಲ್ಲಿದ್ದ ಒಬ್ಬಿಬ್ಬರು ನಿಧಾನವಾಗಿ ಸ್ಟೂಲಿನ ಕಡೆ ಸರಿಯತೊಡಗಿದರು.

ಸೋತ ಯಜಮಾನರು ಒಳಗೆ ಬಂದು ದೂರು ಕೊಡಬೇಕೆಂದರು. ಕೌಂಟರಿನಾಕೆ ಸ್ವಲ್ಪವೂ ವಿಚಲಿತರಾಗದೆ ಅಭಿಪ್ರಾಯದ ನಮೂನೆಯೊಂದನ್ನು ಮುಂದಿಟ್ಟರು. ನಮ್ಮ ಸೇವೆ ಹೇಗಿತ್ತು ಎಂಬ ಪ್ರಶ್ನೆಯ ಕೆಳಗೆ ಗುರುತು ಹಾಕಲು ಮೂರು ಚೌಕಗಳಿದ್ದವು: ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ಅತ್ಯುತ್ತಮವಾಗಿತ್ತು.