ಹೊಟ್ಟೆ ಕರಗುವುದು ಕೊನೆಗೆ, ನಾವು ಕೈಬಿಡುವುದು ಅದಕ್ಕೂ ಮುಂಚೆ

ಟೇಪು ಹಿಡಿದು ಕನ್ನಡಿ ಮುಂದೆ ನಿಂತಿದ್ದೆ. ಸೊಂಟದ ಸುತ್ತ ತಂದು ಮುಂದೆ ಕೂಡಿಸಿ ನೋಡಿದರೆ 96 ಸೆಂಟಿಮೀಟರ್. ಅಷ್ಟೇನೂ ಕೆಟ್ಟಿಲ್ಲ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ: "ರೀ, ಮೊದಲು ಉಸಿರು ಬಿಡಿ." ಬಿಟ್ಟೆ. 101.

ಆ ಐದು ಸೆಂಟಿಮೀಟರನ್ನು ಎಷ್ಟು ವರ್ಷದಿಂದ ಒಳಗೆಳೆದುಕೊಂಡು ಓಡಾಡುತ್ತಿದ್ದೆನೋ. ಫೋಟೊ ತೆಗೆಯುವಾಗ, ಲಿಫ್ಟಿನ ಕನ್ನಡಿ ಎದುರಾದಾಗ, ಹೊಸ ಅಂಗಿ ಹಾಕಿ ನೋಡುವಾಗ.

ಅದಾಗಿ ಹದಿನಾಲ್ಕು ತಿಂಗಳಾಯ್ತು. ಈಗ 90ಕ್ಕೆ ಬಂದು ನಿಂತಿದ್ದೇನೆ. ಮೊನ್ನೆ ಫೋಟೊ ಹಾಕಿದಾಗಿನಿಂದ "ಹೊಟ್ಟೆ ಎಲ್ಲೋಯ್ತು ಸಾರ್, ಒಂದೇ ಸಾಲಲ್ಲಿ ಗುಟ್ಟು ಹೇಳಿ" ಅಂತ ಮೆಸೇಜುಗಳು. ಗುಟ್ಟೇನೂ ಇಲ್ಲ. ಆದರೆ ಒಂದು ವಿಷಯವನ್ನು ಯಾರಾದರೂ ಮೊದಲೇ ಹೇಳಿದ್ದರೆ ಹಿಂದಿನ ಮೂರು ಸಲ ನಾನು ನಡುವೆ ಬಿಟ್ಟುಬಿಡುತ್ತಿರಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹೊಟ್ಟೆಯ ಬೊಜ್ಜು ಅನ್ನುವುದು ಒಂದಲ್ಲ, ಎರಡು. ಬೆರಳಲ್ಲಿ ಹಿಡಿದರೆ ಸಿಗುತ್ತದಲ್ಲ, ಕೂತಾಗ ಮಡಿಕೆ ಬೀಳುತ್ತದಲ್ಲ, ಅದು ಚರ್ಮದ ಕೆಳಗಿನದು. ಇನ್ನೊಂದು ಹೊಟ್ಟೆಯ ಸ್ನಾಯುಗಳ ಒಳಗೆ, ಕರುಳು ಲಿವರ್‌ಗಳ ಸುತ್ತ ತುಂಬಿಕೊಂಡಿರುತ್ತದೆ. ಅದು ಕೈಗೆ ಸಿಗುವುದಿಲ್ಲ. ಕೆಲವರ ಹೊಟ್ಟೆ ಗಡಿಗೆಯ ಹಾಗೆ ಗಟ್ಟಿಯಾಗಿ ಮುಂದೆ ಬಂದಿರುತ್ತದೆ, "ನೋಡಿ, ನಂದು ಜೋತುಬಿದ್ದ ಹೊಟ್ಟೆ ಅಲ್ಲ" ಅಂತ ಅದರ ಮೇಲೆ ತಟ್ಟಿ ತೋರಿಸುತ್ತಾರೆ. ತಟ್ಟಿ ತೋರಿಸುವಂಥದ್ದಲ್ಲ ಅದು. ಈ ಒಳಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲ ಬಹುಮಟ್ಟಿಗೆ ನೇರವಾಗಿ ಲಿವರ್‌ಗೆ ಹೋಗುವ ರಕ್ತನಾಳವನ್ನೇ ಸೇರುತ್ತದೆ. ಇನ್ಸುಲಿನ್ ಹೇಳಿದ್ದನ್ನು ದೇಹ ಕೇಳದಂತಾಗುವುದು, ಟೈಪ್ 2 ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಇವೆಲ್ಲದರ ಜತೆ ಹೆಚ್ಚು ನಂಟಿರುವುದು ಇದಕ್ಕೇ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಬೊಜ್ಜಿದ್ದ 15 ಹೆಂಗಸರಿಗೆ ಲೈಪೊಸಕ್ಷನ್ ಮಾಡಿ, ಹೊಟ್ಟೆಯ ಚರ್ಮದಡಿಯಿಂದ ಒಬ್ಬೊಬ್ಬರಿಗೂ ಸರಾಸರಿ 9ರಿಂದ 10 ಕಿಲೊ ಕೊಬ್ಬು ಹೀರಿ ತೆಗೆದರು. ಹತ್ತು ಕಿಲೊ! ಮೂರು ತಿಂಗಳ ಹತ್ತಿರ ಬಿಟ್ಟು ಪರೀಕ್ಷೆ ಮಾಡಿದರೆ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಯಾವುದರಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಸೊಂಟ ಸಣ್ಣದಾಗಿತ್ತು, ಒಳಗಿನದು ಇದ್ದಲ್ಲೇ ಇತ್ತು.

ಈಗ ವಿಷಯಕ್ಕೆ ಬರುತ್ತೇನೆ. ಊಟ ಕಡಿಮೆ ಮಾಡಿ ಮೈ ಬಗ್ಗಿಸತೊಡಗಿದರೆ ಮೊದಲು ಬೇಗ ಬೇಗ ಇಳಿಯುವುದು ಈ ಒಳಗಿನ ಕೊಬ್ಬು. ಹೊರಗಿನದು, ಅದರಲ್ಲೂ ಹೊಕ್ಕುಳ ಕೆಳಗಿನದು, ನಿಧಾನ. ಅಂದರೆ ಮೊದಲ ಎರಡು ಮೂರು ತಿಂಗಳು ಲಾಭವಾಗುತ್ತಿರುವುದು ಕಣ್ಣಿಗೆ ಬೀಳದ ಕಡೆ. ಕನ್ನಡಿಯಲ್ಲಿ ಅದೇ ಮಡಿಕೆ, ಅದೇ ಬೇಜಾರು. "ನಂದು ಹಟಮಾರಿ ಹೊಟ್ಟೆ, ನಮ್ಮ ವಂಶದಲ್ಲೇ ಹೀಗೆ" ಅಂತ ಕೈಚೆಲ್ಲುವುದು ಸರಿಯಾಗಿ ಆಗಲೇ. ನನ್ನ ಹಳೇ ಡೈರಿಗಳನ್ನು ತೆಗೆದು ನೋಡಿದೆ. ಮೂರು ಸಲ ಶುರು ಮಾಡಿದ್ದೇನೆ. ಒಮ್ಮೆ ಆರನೇ ವಾರಕ್ಕೆ, ಒಮ್ಮೆ ಒಂಬತ್ತಕ್ಕೆ, ಇನ್ನೊಮ್ಮೆ ಏಳಕ್ಕೆ ಬರಹ ನಿಂತಿದೆ. ಕೆಲಸ ಆಗುತ್ತಿಲ್ಲ ಅಂತ ಬಿಟ್ಟೆ, ಆದರೆ ಕೆಲಸ ಆಗುತ್ತಿತ್ತು.

ಕೆಳಹೊಟ್ಟೆಯದು ಯಾಕೆ ನಿಧಾನ ಅನ್ನುವುದಕ್ಕೆ ಕಾರಣ ಇದೆ. ಕೊಬ್ಬಿನ ಕೋಶದ ಮೇಲೆ ಅಡ್ರಿನಲಿನ್ ಅನ್ನುವ ಹಾರ್ಮೋನು ಬಂದು ಕೂರಲು ಎರಡು ಬಗೆಯ ಜಾಗಗಳಿರುತ್ತವೆ, ರಿಸೆಪ್ಟರ್ ಅಂತಾರೆ. ಬೀಟಾ ಅನ್ನುವುದು ಬಾಗಿಲು ತೆಗೆಯುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಆಲ್ಫಾ-2 ಅನ್ನುವುದು ಬಾಗಿಲು ಹಾಕುತ್ತದೆ. ಒಳಕೊಬ್ಬಿಗೆ ಹೋಲಿಸಿದರೆ ಚರ್ಮದಡಿಯ ಕೊಬ್ಬಿನಲ್ಲಿ ಆಲ್ಫಾ-2ರ ಕೈ ಮೇಲು. ಹೆಂಗಸರ ತೊಡೆ, ಪೃಷ್ಠಗಳಲ್ಲಿ ಇನ್ನೂ ಹೆಚ್ಚು. ಹಾಗಂತ ಅದು ಕರಗುವುದೇ ಇಲ್ಲ ಅಂತಲ್ಲ, ಸರದಿಯಲ್ಲಿ ಹಿಂದೆ ನಿಂತಿದೆ, ಅಷ್ಟೆ.

ಈ ಸರದಿ ಮುರಿಸುತ್ತೇವೆ ಅಂತ ಹೇಳಿಕೊಂಡೇ ಒಂದು ದೊಡ್ಡ ವ್ಯಾಪಾರ ನಡೆಯುತ್ತಿದೆ. ನಾನೂ ಒಂದು ಬೆವರುವ ಬೆಲ್ಟ್ ತರಿಸಿದ್ದೆ. ಅದನ್ನು ಬಿಗಿದು ಮುಕ್ಕಾಲು ಗಂಟೆ ನಡೆದು ಬಂದು ತೂಕ ನೋಡಿದರೆ 800 ಗ್ರಾಂ ಕಡಿಮೆ! ಕುಣಿದಾಡಿಬಿಟ್ಟೆ. ಮಧ್ಯಾಹ್ನದೊಳಗೆ ನೀರು ಕುಡಿದು ಕುಡಿದು 800 ಗ್ರಾಮೂ ವಾಪಸ್ ಬಂತು. ಉಳಿದಿದ್ದು ಸೊಂಟದ ಸುತ್ತ ಕೆಂಪು ಗುಳ್ಳೆ.

ಆಮೇಲೆ ಕ್ರಂಚಸ್, ಅಂದರೆ ಅಂಗಾತ ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ವ್ಯಾಯಾಮ. ದಿನಕ್ಕೆ ನೂರು, ನೂರೈವತ್ತು. ಹೊಟ್ಟೆ ಉರಿಯುತ್ತಿತ್ತು, ಉರಿದರೆ ಕರಗುತ್ತಿದೆ ಅಂತ ಲೆಕ್ಕ ಹಾಕಿದ್ದೆ. ಕರಗಲಿಲ್ಲ, ಕತ್ತು ಹಿಡಿದುಕೊಂಡಿತು. ಕೈಲಾಗದವ ಮೈ ಪರಚಿಕೊಂಡ ಅಂತಾರಲ್ಲ, ಹಾಗೆ ಇನ್ನೂ ಐವತ್ತು ಜಾಸ್ತಿ ಮಾಡಿದೆ. 1971ರಲ್ಲೇ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದ್ದಾರೆ. ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ತೋಳಿನ ಸ್ನಾಯು ದಪ್ಪವಾಗಿತ್ತು, ಚರ್ಮದಡಿಯ ಕೊಬ್ಬಿನ ದಪ್ಪ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. 2011ರಲ್ಲಿ 24 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು: ಒಂದು ಗುಂಪು ಆರು ವಾರ, ವಾರಕ್ಕೆ ಐದು ದಿನ ಬರೀ ಹೊಟ್ಟೆಯ ವ್ಯಾಯಾಮ ಮಾಡಿತು. ಹೊಟ್ಟೆಯ ಬಲ ಹೆಚ್ಚಿತು, ಬೊಜ್ಜು ಕದಲಲಿಲ್ಲ. ಕ್ರಂಚಸ್ ಮಾಡಬೇಡಿ ಅನ್ನುತ್ತಿಲ್ಲ. ಬೆನ್ನಿಗೆ ಆಸರೆಯಾಗುತ್ತದೆ ಅಂತ ಮಾಡಿ, ಬೊಜ್ಜಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಅಂದಹಾಗೆ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಗೊತ್ತಾ? ಬೆವರಿನಲ್ಲಿ ಅಂತ ನಾನೂ ನಂಬಿದ್ದೆ. 10 ಕಿಲೊ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಹಾಗಂತ ಜೋರಾಗಿ ಉಸಿರು ಬಿಡುತ್ತಾ ಕೂತರೆ ತಲೆ ಸುತ್ತುತ್ತದೆ ಅಷ್ಟೆ.

ಊಟದ ವಿಷಯದಲ್ಲಿ ನಾನು ಮಾಡಿದ್ದು ಬಹಳ ಸಪ್ಪೆ ಕೆಲಸ. ಬಾಯಿಗೆ ಹೋಗಿದ್ದನ್ನೆಲ್ಲ ಎರಡು ವಾರ ಬರೆದಿಟ್ಟೆ. "ನಾನು ತಿನ್ನೋದೇ ಇಲ್ಲ, ಆದ್ರೂ ದಪ್ಪ ಆಗ್ತೀನಿ" ಅಂತ ನೀವು ಅಂದುಕೊಂಡಿದ್ದರೆ ಇದೊಂದನ್ನು ಮಾಡಿ ನೋಡಿ. ಹಾಗೇ ಅನ್ನುತ್ತಿದ್ದ ಹತ್ತು ಜನರನ್ನು 1992ರಲ್ಲಿ ಪರೀಕ್ಷಿಸಿದಾಗ ಅವರು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ಮಾಡಿದ ವ್ಯಾಯಾಮವನ್ನು 51 ಶೇಕಡಾ ಹೆಚ್ಚು ಹೇಳಿದ್ದರು. ಸುಳ್ಳುಗಾರರಲ್ಲ ಅವರು, ನಿಜಕ್ಕೂ ಹಾಗೇ ನಂಬಿದ್ದರು. ನನ್ನ ಪುಸ್ತಕದಲ್ಲಿ ಸಿಕ್ಕಿಬಿದ್ದದ್ದು ನಿಂತುಕೊಂಡು ತಿಂದದ್ದು. ಸಂಜೆ ಬಂದು ಶೂ ಬಿಚ್ಚುವ ಮುಂಚೆ ಅಡುಗೆಮನೆಗೆ ಹೋಗಿ, ಡಬ್ಬದ ಮುಚ್ಚಳ ಸದ್ದಾಗದ ಹಾಗೆ ತೆಗೆದು, ಕೆನೆ ತುಂಬಿದ ಬಿಸ್ಕತ್ತು ಮೂರು. ತಟ್ಟೆಯಲ್ಲಿ ಹಾಕಿಕೊಳ್ಳದ್ದು ಲೆಕ್ಕಕ್ಕಿಲ್ಲ ಅಂತ ಮನಸ್ಸು ತೀರ್ಮಾನಿಸಿತ್ತು. ಆ ಮೂರು ಬಿಸ್ಕತ್ತು ಸುಮಾರು 150 ಕ್ಯಾಲೊರಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಡಿಗೆಯೊಂದರಿಂದಲೇ ಕರಗಿಸುತ್ತೇನೆ ಅಂದರೆ ಐವತ್ತು ನಡಿಗೆ ಬೇಕು.

ಯಾವ ಡಯಟ್ ಒಳ್ಳೆಯದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಹದಿನಾರು ಗಂಟೆ ಉಪವಾಸ ಇದ್ದರೆ ನೀವು ಕಡಿಮೆ ತಿನ್ನುತ್ತೀರಾ? ಇರಿ. ಉಪವಾಸ ಮುಗಿದ ಕೂಡಲೇ ಮುಗಿಬೀಳುತ್ತೀರಾ? ಬಿಡಿ. ನನಗೆ ಕೆಲಸ ಮಾಡಿದ್ದು ಪ್ರತಿ ಊಟದಲ್ಲೂ ಪ್ರೋಟೀನು, ತರಕಾರಿ ಜಾಸ್ತಿ ಮಾಡಿದ್ದು ಮತ್ತು ಪ್ಯಾಕೆಟ್ ತಿಂಡಿಯನ್ನು ಮನೆಗೇ ತರದಿದ್ದದ್ದು. 2019ರಲ್ಲಿ ಅಮೆರಿಕದಲ್ಲಿ 20 ಜನರನ್ನು ಒಂದೇ ಕಡೆ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟು ಎಷ್ಟು ಬೇಕೋ ತಿನ್ನಿ ಅಂದರು. ಸಂಸ್ಕರಿಸಿದ್ದು ಸಿಕ್ಕಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಅಷ್ಟು ಗಟ್ಟಿ ಮನಸ್ಸು ನನಗೂ ಇಲ್ಲ, ಅದಕ್ಕೇ ಡಬ್ಬ ಖಾಲಿ ಇಟ್ಟಿದ್ದೇನೆ.

ವ್ಯಾಯಾಮ ಅಂದರೆ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಬಿರುಸು ನಡಿಗೆ, ಮೂರು ದಿನ ಬಸ್ಕಿ, ದಂಡ, ಸ್ವಲ್ಪ ಭಾರ ಎತ್ತುವುದು. ಮೊದಲ ದಿನ ಹನ್ನೆರಡು ಬಸ್ಕಿಗೆ ಮಂಡಿ ನಡುಗಿ ಗೋಡೆ ಹಿಡಿದುಕೊಂಡಿದ್ದೆ. ಬರೀ ಊಟ ಬಿಟ್ಟು ಇಳಿಸಿದರೆ ಕೊಬ್ಬಿನ ಜತೆ ಸ್ನಾಯುವೂ ಹೋಗುತ್ತದೆ, ಅದನ್ನು ಉಳಿಸಿಕೊಳ್ಳುವುದಕ್ಕೆ ಈ ಬಸ್ಕಿ. ಇನ್ನೊಂದು ಸಮಾಧಾನದ ಸಂಗತಿ: ತೂಕದ ಮುಳ್ಳು ಅಲ್ಲಾಡದಿದ್ದರೂ ವ್ಯಾಯಾಮದಿಂದ ಒಳಕೊಬ್ಬು ಕಡಿಮೆಯಾಗಬಹುದು.

ನಿದ್ದೆಯನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. 2010ರ ಒಂದು ಸಣ್ಣ ಪ್ರಯೋಗದಲ್ಲಿ ಅದೇ ಜನಕ್ಕೆ ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟು, ಒಂದೇ ಥರದ ಪಥ್ಯ ಕೊಟ್ಟರು. ತೂಕ ಎರಡೂ ಸಲ ಸುಮಾರು 3 ಕಿಲೊ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ ಕೊಬ್ಬು 1.4 ಕಿಲೊ, ನಿದ್ದೆಗೆಟ್ಟಾಗ ಬರೀ 0.6.

"ವಯಸ್ಸಾಯ್ತಲ್ಲ, ಮೆಟಬಾಲಿಸಂ ನಿಧಾನ" ಅನ್ನುವ ನೆಪ ನನಗೂ ಪ್ರಿಯವಾಗಿತ್ತು. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದು 2021ರಲ್ಲಿ ಅದನ್ನೂ ಕಿತ್ತುಕೊಂಡರು: ಮೈಗಾತ್ರದ ಲೆಕ್ಕ ಹಿಡಿದು ನೋಡಿದರೆ 20ರಿಂದ 60ರ ವಯಸ್ಸಿನವರೆಗೆ ಮೆಟಬಾಲಿಸಂ, ಅಂದರೆ ದೇಹ ಕ್ಯಾಲೊರಿ ಖರ್ಚು ಮಾಡುವ ವೇಗ, ಬಹುತೇಕ ಸಮವಾಗಿಯೇ ಇರುತ್ತದಂತೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಯ ಕಡೆ ಸರಿಯುವುದು ಮಾತ್ರ ನಿಜ, ಅದು ನೆಪವಲ್ಲ. ಹಾಗೇ ಕೈಕಾಲು ಸಣಕಲಾಗಿ ಹೊಟ್ಟೆಯೊಂದೇ ಬೇಗ ಬೇಗ ಉಬ್ಬುತ್ತಿದ್ದರೆ ಈ ಪೋಸ್ಟ್ ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಕನ್ನಡಿಯನ್ನು ನಂಬದಿದ್ದರೆ ಯಾವುದನ್ನು ನಂಬುವುದು? ಟೇಪನ್ನು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ನನ್ನ ಎತ್ತರ 174, ಹಾಗಾಗಿ ಗುರಿ 87. ತಿಂಗಳಿಗೆ ಒಂದು ಸಲ ಅಳೆಯುತ್ತೇವೆ, ಅಷ್ಟು ಸಾಕು. ದಿನಾ ಅಳೆದರೆ ಹುಚ್ಚು ಹಿಡಿಯುತ್ತದೆ.

ಇನ್ನೂ ಮೂರು ಸೆಂಟಿಮೀಟರ್ ಬಾಕಿ. ಕೆಳಹೊಟ್ಟೆಯ ಆ ಮಡಿಕೆ ಇದ್ದೇ ಇದೆ, ಇವತ್ತು ಬೆಳಿಗ್ಗೆಯೂ ಹಿಡಿದು ನೋಡಿದೆ. ಟೇಪು ಈಗ ಹೆಂಡತಿಯ ಕೈಯಲ್ಲೇ ಇರುತ್ತದೆ. ನನ್ನ ಉಸಿರಿನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ.