ಪ್ರೀ-ಸೀಸನ್ ಫ್ರೆಂಡ್ಲಿ ನೋಡಿ ತಂಡದ ಫಾರ್ಮ್ ಹೇಳಬಹುದೇ?

ಪರ

ಲೀಗ್ ಶುರುವಾಗುವ ಮೊದಲು ಫುಟ್‌ಬಾಲ್ ತಂಡಗಳು ತಯಾರಿಗೆಂದು ಆಡುವ ಫ್ರೆಂಡ್ಲಿ ಪಂದ್ಯ ನೋಡಿ ಫಾರ್ಮ್ ಹೇಳಬಹುದು, ಸ್ಕೋರ್ ಬಿಟ್ಟು ಆಟ ನೋಡಿದರೆ. 2022ರ ಜುಲೈ 23ರಂದು ಅಮೆರಿಕದ ಒರ್ಲಾಂಡೊದಲ್ಲಿ ಆರ್ಸೆನಲ್ ತಂಡ ಚೆಲ್ಸಿಯನ್ನು 4–0ಯಿಂದ ಮಣಿಸಿತು. ಚೆಲ್ಸಿಯ ಕೋಚ್ ಥಾಮಸ್ ಟುಖೆಲ್ ತಂಡದ ಸಿದ್ಧತೆ ಸಾಲದೆಂದು ಅಂದೇ ಬಾಯಿಬಿಟ್ಟು ಹೇಳಿದರು. ಸೆಪ್ಟೆಂಬರ್‌ನಲ್ಲಿ ಅವರ ಕೆಲಸ ಹೋಯಿತು. ಸೀಸನ್ ಮುಗಿದಾಗ ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ 2ನೇ ಸ್ಥಾನ, ಚೆಲ್ಸಿ 12ನೇ ಸ್ಥಾನ.

ಜುಲೈ ಮೊದಲ ವಾರದ ಪಂದ್ಯಗಳನ್ನು ಬಿಡಿ. ಲೀಗ್‌ಗೆ ಎರಡು ವಾರ ಇರುವಾಗ ಆಡಿದ್ದನ್ನು, ಅದರಲ್ಲೂ ಮುಖ್ಯ ಆಟಗಾರರು 60–70 ನಿಮಿಷ ಮೈದಾನದಲ್ಲಿದ್ದದ್ದನ್ನು ನೋಡಿ. ಚೆಂಡು ಕೈತಪ್ಪಿದಾಗ ಮುಂಚೂಣಿಯ ಮೂವರು ಒಟ್ಟಿಗೆ ಎದುರಾಳಿಯ ಮೇಲೆ ಬೀಳುತ್ತಾರೆಯೇ? ಅವರ ಬೆನ್ನಿಗೇ ಡಿಫೆನ್ಸ್ ಸಾಲು ಮೇಲೆ ಬರುತ್ತದೆಯೇ? ಬಾರದಿದ್ದರೆ ಮಿಡ್‌ಫೀಲ್ಡ್‌ನಲ್ಲಿ ದೊಡ್ಡ ಖಾಲಿ ಜಾಗ ಬೀಳುತ್ತದೆ. ಕಾರ್ನರ್ ಬಂದಾಗ ಗೋಲಿನ ಹತ್ತಿರದ ಕಂಬದ ಬಳಿ ಯಾರೂ ನಿಲ್ಲದಿದ್ದರೆ ಅದೂ ಲೀಗ್‌ಗೆ ಹೋಗುವ ರೋಗವೇ. ವಾರಕ್ಕೆರಡು ಪಂದ್ಯ ಶುರುವಾದ ಮೇಲೆ ಅಭ್ಯಾಸದ ಹೊತ್ತೆಲ್ಲ ದಣಿವು ಆರಿಸಿಕೊಳ್ಳುವುದಕ್ಕೇ ಹೋಗುತ್ತದೆ, ತಿದ್ದಲು ಪುರಸೊತ್ತಿರುವುದಿಲ್ಲ.

ವಿರೋಧ

ಕಾಸರಗೋಡಿನ ಬ್ಲಾಸ್ಟರ್ಸ್ ಅಭಿಮಾನಿಗಳು 2024ನ್ನು ಮರೆತಿರಲಾರರು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡಗಳು ಸೀಸನ್‌ನ ತಯಾರಿಯಾಗಿಯೂ ಬಳಸಿಕೊಂಡ ಡ್ಯುರಾಂಡ್ ಕಪ್‌ನಲ್ಲಿ, ಆಗಸ್ಟ್ 1ರಂದು, ಕೇರಳ ಬ್ಲಾಸ್ಟರ್ಸ್ ಮುಂಬೈ ಸಿಟಿಗೆ 8–0 ಹೊಡೆಯಿತು. ನೋವಾ ಸದೂಯಿ, ಕ್ವಾಮೆ ಪೆಪ್ರಾ ಇಬ್ಬರದೂ ಹ್ಯಾಟ್ರಿಕ್. ಆದರೆ ಮುಂಬೈ ಕಳಿಸಿದ್ದು ಮೀಸಲು ತಂಡವನ್ನು. ಸೆಪ್ಟೆಂಬರ್ 15ರಂದು ಲೀಗ್ ಪಂದ್ಯದಲ್ಲಿ ಕೊಚ್ಚಿಯಲ್ಲೇ ಪಂಜಾಬ್ ಎದುರು 1–2 ಸೋಲು, ಡಿಸೆಂಬರ್‌ನಲ್ಲಿ ಕೋಚ್ ಮಿಕಾಯೆಲ್ ಸ್ಟಾರೆ ಹೊರಗೆ, ಕೊನೆಗೆ 8ನೇ ಸ್ಥಾನ. ಮಳೆ ಕಳೆದ ಮೇಲೆ ನಮ್ಮೂರ ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಅತಿಥಿ ಆಟಗಾರರು ಬಂದರೆ ನಿನ್ನೆಯ ತಂಡವೇ ಬೇರೆ, ಇವತ್ತಿನದೇ ಬೇರೆ.

2019ರ ಪ್ರೀ-ಸೀಸನ್‌ನಲ್ಲಿ ಲಿವರ್‌ಪೂಲ್ ಡಾರ್ಟ್‌ಮಂಡ್, ಸೆವಿಯಾ, ನಾಪೊಲಿ ಮೂವರಿಗೂ ಸೋತಿತು. ಸಲಾ, ಮಾನೆ, ಫರ್ಮಿನೊ, ಅಲಿಸನ್ ತಮ್ಮ ದೇಶಗಳಿಗೆ ಆಡಿ ರಜೆಯಲ್ಲಿದ್ದರು. ಅದೇ ತಂಡ 99 ಅಂಕ ಗಳಿಸಿ ಲೀಗ್ ಗೆದ್ದಿತು. ಇದಕ್ಕೆ ತಿರುಗಾಮುರುಗಾ 2014ರ ಮ್ಯಾಂಚೆಸ್ಟರ್ ಯುನೈಟೆಡ್: ಮಿಷಿಗನ್‌ನಲ್ಲಿ 1,09,318 ಜನರೆದುರು ರಿಯಲ್ ಮ್ಯಾಡ್ರಿಡ್ ಎದುರು 3–1 ಗೆಲುವು, ಲೀಗ್‌ನ ಮೊದಲ ದಿನ ತನ್ನದೇ ಮೈದಾನದಲ್ಲಿ ಸ್ವಾನ್ಸಿ ಎದುರು 1–2 ಸೋಲು.

ದಿನಕ್ಕೆರಡು ಹೊತ್ತು ಓಡಿಸಿ ಕಾಲು ಭಾರವಾದವರೇ ಸಂಜೆ ಪಂದ್ಯಕ್ಕೂ ಇಳಿಯುತ್ತಾರೆ. ಗಂಟೆಯಾಗುವಷ್ಟರಲ್ಲಿ ಹತ್ತು ಮಂದಿ ಬದಲು. ಇಂಥದ್ದರಲ್ಲಿ ಆಟವನ್ನೇ ನೋಡಿ ಎಂದರೂ ಕಣ್ಣು ಮೋಸಹೋಗುತ್ತದೆ. ಒರ್ಲಾಂಡೊಗಿಂತ 11 ದಿನ ಮೊದಲು ಬ್ಯಾಂಕಾಕ್‌ನಲ್ಲಿ ಯುನೈಟೆಡ್ ಲಿವರ್‌ಪೂಲ್‌ಗೆ 4–0 ಹೊಡೆದಿತ್ತು. ಲಿವರ್‌ಪೂಲ್ ಅಂದು ಒಂದಾದ ಮೇಲೊಂದರಂತೆ ಮೂರು ಬೇರೆ ಬೇರೆ ತಂಡಗಳನ್ನು ಇಳಿಸಿತ್ತು, ಯುನೈಟೆಡ್‌ನ ಗೋಲ್‌ಕೀಪರನ ಗಿಡ್ಡ ಪಾಸ್‌ಗಳ ಮೇಲೆ ಎಡೆಬಿಡದೆ ಒತ್ತಡ ಹಾಕುವವರೇ ಇರಲಿಲ್ಲ. ಆಗಸ್ಟ್ 13ರಂದು ಲೀಗ್ ಪಂದ್ಯದಲ್ಲಿ ಬ್ರೆಂಟ್‌ಫರ್ಡ್ ಆ ಒತ್ತಡವನ್ನೇ ಹಾಕಿತು. ಯುನೈಟೆಡ್ ಗೋಲ್‌ಕೀಪರ್ ಡೇವಿಡ್ ಡಿ ಗಿಯಾ ಕೊಟ್ಟ ಚೆಂಡನ್ನು ಸಹ ಆಟಗಾರ ಎರಿಕ್ಸನ್ ಕಾಲಿಂದ ಕಿತ್ತುಕೊಂಡು ಎರಡನೇ ಗೋಲು. 35 ನಿಮಿಷ ಆಗುವಾಗ 4–0.