ಆವಕ, ಜಾವಕ ಮತ್ತು ಇಸ್ಪೀಟು

ಮೊನ್ನೆ ಸೋಮವಾರ ನಮ್ಮ ಕಚೇರಿಯ ಹನ್ನೊಂದು ಮಂದಿ ನನ್ನ ಇಸ್ಪೀಟಾಟವನ್ನು ಕಣ್ಣಾರೆ ಕಂಡರು. ಆಟ ನನ್ನದಲ್ಲ, ಅಪ್ಪನದು ಎಂದರೆ ಒಬ್ಬರೂ ನಂಬಲಿಲ್ಲ.

ನಮ್ಮ ಮನೆಯ ಕಂಪ್ಯೂಟರನ್ನು ನಡೆಸುವುದು ವಿಂಡೋಸ್ ಅಲ್ಲ, ಅದರ ಬದಲಿಗೆ ಬಳಸುವ ಉಬುಂಟು ಎಂಬ ತಂತ್ರಾಂಶ. ಪರದೆಯ ಎಡಬದಿಯ ಪಟ್ಟಿಯಲ್ಲಿ ಐಕಾನುಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಕೆಳಗೊಂದು ನಿಂತಿರುತ್ತವೆ. 2011ರಲ್ಲಿ ಯೂನಿಟಿ ಎಂಬ ಪರದೆ ವಿನ್ಯಾಸದ ಜೊತೆ ಎಡಕ್ಕೆ ಬಂದು ಅಂಟಿಕೊಂಡ ಪಟ್ಟಿ ಅದು. ಕೆಳಕ್ಕಿಳಿಸುವ ಅವಕಾಶ ಸಿಕ್ಕಿದ್ದು 2016ರಲ್ಲಿ. ಅಷ್ಟರಲ್ಲಿ ನನ್ನ ಕತ್ತೇ ಎಡಕ್ಕೆ ಒಗ್ಗಿಹೋಗಿತ್ತು. ಮರುವರ್ಷ ಯೂನಿಟಿ ಹೋಗಿ ಗ್ನೋಮ್ ಎಂಬ ಇನ್ನೊಂದು ವಿನ್ಯಾಸ ಬಂದರೂ ಪಟ್ಟಿ ಜಾಗ ಬಿಡಲಿಲ್ಲ. ವಿಂಡೋಸ್ ಚಿಹ್ನೆಯ ಕೀಲಿಯ ಜೊತೆ 1 ಒತ್ತಿದರೆ ಮೊದಲ ಐಕಾನು, 2 ಒತ್ತಿದರೆ ಎರಡನೆಯದು ತೆರೆಯುತ್ತದೆ. ಅಮ್ಮ ಒಗ್ಗರಣೆ ಡಬ್ಬಿಯ ಸಾಸಿವೆಗೆ ಕೈ ಹಾಕುವಂತೆ ನಾನೂ ನೋಡದೆಯೇ ಒತ್ತುತ್ತೇನೆ. ಎರಡು ಎಂದರೆ ಲೆಕ್ಕದ ಹಾಳೆ. ಅಂದರೆ, ಆಗಿತ್ತು.

ಅಪ್ಪ ಸರ್ಕಾರಿ ಕಚೇರಿಯೊಂದರ ಆವಕ-ಜಾವಕ ಶಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವರು. ಅಸ್ತವ್ಯಸ್ತವಾದದ್ದನ್ನು ಕಂಡರೆ ಅವರ ಬೆರಳು ತುರಿಸುತ್ತದೆ. ಬೆಳಿಗ್ಗೆ ಪತ್ರಿಕೆ ಓದಲು ಕುಳಿತವರು ನನ್ನ ಪಟ್ಟಿಯನ್ನು ಕಡತಗಳ ಕಪಾಟೆಂದೇ ಬಗೆದು ಐಕಾನುಗಳನ್ನು ಎಳೆದೆಳೆದು ಜೋಡಿಸಿದ್ದರು. ಇಮೇಲ್ ಆವಕ, ಆದ್ದರಿಂದ ಮೇಲೆ. ದಿನವೂ ಬೇಕಾಗುವ ಕಡತ ಕೈಗೆಟುಕುವಂತಿರಬೇಕು, ಆದ್ದರಿಂದ ಎರಡನೆಯದು ಇಸ್ಪೀಟು. ಲೆಕ್ಕದ ಹಾಳೆ? "ಅದು ಸಾಹೇಬರು ಕೇಳಿದಾಗ ತೆಗೆಯುವ ಕಡತವಲ್ಲವೇ?"

ಸಾಹೇಬರು ಅವತ್ತೇ ಕೇಳಿದರು. ನಾನು ಪರದೆಯನ್ನು ಸಭೆಗೆ ಹಂಚಿ, ಎರಡನ್ನು ಒತ್ತಿ, ಕೈಯಲ್ಲಿದ್ದ ಟಿಪ್ಪಣಿ ನೋಡುತ್ತಾ ಗಂಭೀರವಾಗಿ ಶುರು ಮಾಡಿದೆ: "ಮೂರನೆಯ ಕಾಲಮ್ ಗಮನಿಸಿ. ಅಲ್ಲಿ ದೊಡ್ಡದೊಂದು ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿದರೆ ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ." ಯಾರೂ ಉಸಿರೆತ್ತಲಿಲ್ಲ. ನನ್ನ ಮಾತಿಗೆ ಇಷ್ಟು ಗಮನ ಎಂದೂ ಸಿಕ್ಕಿರಲಿಲ್ಲವಾದ್ದರಿಂದ ಇನ್ನೂ ಒಂದು ನಿಮಿಷ ಬಾಕಿ ವಸೂಲಿಯ ಕುರಿತು ಮಾತಾಡಿದೆ. ಕೊನೆಗೆ ಸಾಹೇಬರೇ ಕೆಮ್ಮಿ ಹೇಳಿದರು: "ಆ ಕೆಂಪು ಒಂಬತ್ತನ್ನು ಕಪ್ಪು ಹತ್ತರ ಮೇಲಿಡಿ. ರಾಜ ಹೊರಗೆ ಬರುತ್ತಾನೆ."

ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಆಟ ಪರದೆಯ ತುಂಬ ಹರಡಿಕೊಂಡಿತ್ತು. ಮೂರನೆಯ ಕಾಲಮ್ಮಿನಲ್ಲಿ ನಿಜವಾಗಿಯೂ ಒಬ್ಬ ರಾಜ ಸಿಕ್ಕಿಕೊಂಡಿದ್ದ.

ಜಗಳವಾಡಲೆಂದು ಹೋಗಿ ನಡೆದದ್ದನ್ನೆಲ್ಲ ಹೇಳಿದರೆ ಅಪ್ಪ ಕನ್ನಡಕ ಏರಿಸಿ, "ನಿಮ್ಮ ಸಾಹೇಬರು ಬುದ್ಧಿವಂತರು," ಎಂದು ಆಟ ಮುಂದುವರಿಸಿದರು. ನಾನು ಸುಮ್ಮನಿದ್ದವನಲ್ಲ. ಪಟ್ಟಿ ತಾನಾಗಿ ಅಡಗುವಂತೆ ಮಾಡಿದೆ. ಬಸ್ಸಿನಲ್ಲಿದ್ದಾಗ "ಪಟ್ಟಿ ಕಳುವಾಗಿದೆ" ಎಂದು ಮೂರು ಸಲ ಫೋನು ಬಂತು. ಕಂಪ್ಯೂಟರಿನಲ್ಲಿ ಅವರಿಗೇ ಬೇರೆ ಖಾತೆ ತೆರೆದುಕೊಡುತ್ತೇನೆ ಎಂದೆ. ಅಪ್ಪನ ಮುಖ ಸಣ್ಣದಾಯಿತು. "ಒಂದೇ ಮನೆಯಲ್ಲಿ ಎರಡು ಒಲೆ ಹೂಡುತ್ತೀಯಾ?"

ನಿವೃತ್ತಿಯಾದ ಮರುವರ್ಷ ಅಪ್ಪ ಒಮ್ಮೆ ಹಳೆಯ ಕಚೇರಿಗೆ ಹೋಗಿದ್ದರು. ಅವರ ವಹಿಗಳಿದ್ದ ಕಪಾಟಿನಲ್ಲಿ ನೀರಿನ ಕ್ಯಾನುಗಳಿದ್ದವಂತೆ. ಕಾಫಿಯನ್ನೂ ಕುಡಿಯದೆ ಬಂದುಬಿಟ್ಟಿದ್ದರು. ಅದು ನೆನಪಾಗಿ ಖಾತೆಯ ಮಾತನ್ನು ಅಲ್ಲಿಗೇ ಬಿಟ್ಟೆ.

ಆದರೆ ಸೋಮವಾರ ರಾತ್ರಿಯೇ ಲೆಕ್ಕದ ಹಾಳೆಯನ್ನು ಎರಡಕ್ಕೆ ತಂದು, ಇಸ್ಪೀಟನ್ನು ಒಂಬತ್ತನೆಯ ಜಾಗಕ್ಕೆ ತಳ್ಳಿದೆ. ಅಪ್ಪ ಏನೂ ಅನ್ನಲಿಲ್ಲ. ಮಂಗಳವಾರ ಅದು ಎಂಟರಲ್ಲಿತ್ತು. ಇಂದು ಬುಧವಾರ, ಏಳರಲ್ಲಿದೆ. ಬೆರಳು ಮಡಿಸಿ ಎಣಿಸಿದೆ: ಹೀಗೇ ಏರಿದರೆ ಬರುವ ಸೋಮವಾರ, ಸಭೆಯ ಹೊತ್ತಿಗೆ ಸರಿಯಾಗಿ ಎರಡಕ್ಕೆ ಬಂದಿರುತ್ತದೆ.